ಹಳೆಯ ಭಯಾನಕ ಚಿತ್ರಗಳ ಸಂಗೀತವನ್ನು ಮರಳಿ ಪಡೆಯುವ ಬಗೆ

1922ರ ಮಾರ್ಚ್‌ನಲ್ಲಿ ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ ಕಂಡ ‘ನೊಸ್ಫೆರಾಟು’ ಎಂಬ ಮೂಕಿ ಚಿತ್ರವನ್ನು, ‘ಡ್ರಾಕುಲಾ’ ಕಾದಂಬರಿಯ ಹಕ್ಕು ಪಡೆಯದೆ ತೆಗೆಯಲಾಗಿದೆ ಎಂಬ ಕಾರಣಕ್ಕೆ ನಾಶಮಾಡಬೇಕೆಂದು ನ್ಯಾಯಾಲಯವೇ ಆದೇಶಿಸಿತ್ತು. ಆದರೂ ಅದರ ಪ್ರತಿಗಳು ಅಲ್ಲೊಂದು ಇಲ್ಲೊಂದು ಉಳಿದುಕೊಂಡವು, ಇಂದು ಯಾರು ಬೇಕಾದರೂ ಆ ಚಿತ್ರವನ್ನು ನೋಡಬಹುದು. ಅದೇ ಚಿತ್ರಕ್ಕೆ ಹಾನ್ಸ್ ಎರ್ಡ್‌ಮನ್ ಪ್ರದರ್ಶನದ ವೇಳೆ ನುಡಿಸಲೆಂದು ಬರೆದ ವಾದ್ಯವೃಂದದ ಸಂಗೀತವನ್ನು ಸುಟ್ಟುಹಾಕಿ ಎಂದು ಯಾರೂ ಹೇಳಿರಲಿಲ್ಲ, ಆದರೆ ಅದರ ಪೂರ್ಣ ಸ್ವರಲಿಪಿ ಕಳೆದುಹೋಯಿತು. ಅದರ ಒಂದಷ್ಟು ಭಾಗಗಳನ್ನು ಆಯ್ದು 1926ರಲ್ಲಿ ಅಚ್ಚು ಹಾಕಿಸಿದ್ದ ಸಂಗ್ರಹ ಮಾತ್ರ ಸಿಕ್ಕಿತು. ದಶಕಗಳ ಮೇಲೆ ಸಂಗೀತ ಸಂಶೋಧಕರು ಆ ಪುಟಗಳನ್ನೇ ಹಿಗ್ಗಿಸಿ, ಕುಗ್ಗಿಸಿ, ದೃಶ್ಯಗಳಿಗೆ ಹೊಂದಿಸಿ, ಚಿತ್ರಕ್ಕೆ ಮತ್ತೆ ಅದರದೇ ಆದ ದನಿಯನ್ನು ಕೊಡಬೇಕಾಯಿತು.

ಚಿತ್ರ ಉಳಿದು ಸಂಗೀತ ಅಳಿಯುವುದು ಆಕಸ್ಮಿಕವಲ್ಲ. ಸ್ಟುಡಿಯೊಗಳ ಲೆಕ್ಕದಲ್ಲಿ ಸ್ವರಲಿಪಿಯ ಹಾಳೆ ಕೆಲಸದ ಕಾಗದವೇ ಹೊರತು ಕೃತಿಯಲ್ಲ. ಸಂಗೀತವನ್ನು ಧ್ವನಿಮುದ್ರಿಸಿ, ಮಾತು ಮತ್ತು ಸದ್ದುಗಳ ಜೊತೆ ಬೆರೆಸಿ, ಫಿಲ್ಮಿನ ಅಂಚಿಗೆ ಏರಿಸಿದ ಮೇಲೆ ಆ ಹಾಳೆಗಳಿಂದ ಆಗಬೇಕಾದದ್ದು ಏನೂ ಉಳಿಯುತ್ತಿರಲಿಲ್ಲ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೊ ಸುಮಾರು 1970ರ ಹೊತ್ತಿಗೆ ಜಾಗ ತೆರವು ಮಾಡುವ ಸಲುವಾಗಿ ತನ್ನ ಸಂಗೀತ ಭಂಡಾರದಲ್ಲಿದ್ದ ವಾದ್ಯವೃಂದದ ಪ್ರತಿಗಳನ್ನು ಕಸದ ಹೊಂಡ ತುಂಬಲು ಕಳುಹಿಸಿಬಿಟ್ಟಿತು. ಇಂಥ ಕಡೆಗಳಲ್ಲಿ ಅದೃಷ್ಟವಶಾತ್ ಉಳಿದಿರುವುದು ಸಾಮಾನ್ಯವಾಗಿ ‘ಪಿಯಾನೊ ಕಂಡಕ್ಟರ್’ ಪ್ರತಿ: ಇಡೀ ವಾದ್ಯವೃಂದವನ್ನು ಮೂರು ನಾಲ್ಕು ಸಾಲುಗಳಿಗೆ ಇಳಿಸಿ, ಎಲ್ಲಿ ಕೊಂಬು ಸೇರುತ್ತದೆ, ಎಲ್ಲಿ ಕ್ಲಾರಿನೆಟ್ ನಿಲ್ಲುತ್ತದೆ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಗುರುತು ಹಾಕಿದ ಹಾಳೆ.

ಆ ಹಾಳೆಯಿಂದ ಎಪ್ಪತ್ತು ಎಂಬತ್ತು ಜನರ ವೃಂದವನ್ನು ಮರಳಿ ಕಟ್ಟುವ ಕೆಲಸ ಬಹುಪಾಲು ಪತ್ತೇದಾರಿಕೆಯಾಗಿದೆ. ಪ್ರತಿ ತುಣುಕಿನ ನೆತ್ತಿಯ ಮೇಲೆ 3ಎಂ2 ಎಂಬಂಥ ಗುರುತು ಇರುತ್ತದೆ. ಮೂರನೇ ರೀಲಿನ ಎರಡನೇ ಸಂಗೀತ ಭಾಗ ಎಂದು ಅದನ್ನು ಓದಬೇಕು. ವೇಗವನ್ನು ತಿಳಿಯಲು ಇನ್ನೂ ನಿಖರವಾದ ಸುಳಿವು ಇದೆ. ಪರದೆಯ ಮೇಲಿನ ಚಲನೆಗೆ ತಾಳ ಕೂಡಿಸಲು ವಾದಕರ ಕಿವಿಗೆ ‘ಕ್ಲಿಕ್’ ಕೇಳಿಸುವ ಪದ್ಧತಿ 1930ರ ದಶಕದಲ್ಲೇ ಬಂದಿತ್ತು. ಸೆಕೆಂಡಿಗೆ 24 ಫ್ರೇಮುಗಳಂತೆ ನಿಮಿಷಕ್ಕೆ 1440 ಫ್ರೇಮುಗಳು ಓಡುತ್ತವೆ. ಹಾಳೆಯಲ್ಲಿ ‘12 ಫ್ರೇಮಿಗೊಂದು ಕ್ಲಿಕ್’ ಎಂದಿದ್ದರೆ ನಿಮಿಷಕ್ಕೆ ಸರಿಯಾಗಿ 120 ಪೆಟ್ಟು, 16 ಫ್ರೇಮಿಗೊಂದು ಎಂದಿದ್ದರೆ 90 ಪೆಟ್ಟು. ಸಂಗೀತ ನಿರ್ದೇಶಕನ ಕೈ ಎಷ್ಟು ವೇಗವಾಗಿ ಆಡಿತ್ತು ಎಂಬುದನ್ನು ತೊಂಬತ್ತು ವರ್ಷಗಳ ಮೇಲೂ ಹೀಗೆ ಲೆಕ್ಕ ಹಾಕಿ ಹೇಳಲು ಬರುತ್ತದೆ. ಮ್ಯಾಕ್ಸ್ ಸ್ಟೈನರ್ 1933ರ ‘ಕಿಂಗ್ ಕಾಂಗ್’ಗೆ ಬರೆದ ಸಂಗೀತವನ್ನೂ, ಹಾನ್ಸ್ ಸಾಲ್ಟರ್ ಮತ್ತು ಪಾಲ್ ಡೆಸ್ಸೌ 1944ರ ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ಗೆ ಬರೆದುದನ್ನೂ ಜಾನ್ ಮಾರ್ಗನ್ ಹೀಗೆ ಮರುರಚಿಸಿದರು. 1990ರ ದಶಕದಲ್ಲಿ ವಿಲಿಯಂ ಸ್ಟ್ರಾಂಬರ್ಗ್ ಅವರ ನಿರ್ದೇಶನದಲ್ಲಿ ಮಾಸ್ಕೊ ಸಿಂಫನಿ ವಾದ್ಯವೃಂದ ಅವೆರಡನ್ನೂ ಹೊಸದಾಗಿ ನುಡಿಸಿ ಸಿ.ಡಿ.ಗಳಾಗಿ ಹೊರತಂದಿತು. ಹಾಳೆಯೇ ಸಿಗದ ಕಡೆ ಕಿವಿಯೊಂದೇ ಗತಿ. ಬ್ರಿಟನ್ನಿನ ಫಿಲಿಪ್ ಲೇನ್ ಹಳೆಯ ಚಿತ್ರಗಳ ಧ್ವನಿಪಥವನ್ನು ಮತ್ತೆ ಮತ್ತೆ ಕೇಳಿ, ಮಾತಿನ ಅಡಿಯಲ್ಲಿ ಮುಳುಗಿರುವ ಒಂದೊಂದು ವಾದ್ಯವನ್ನೂ ಹೆಕ್ಕಿ ಬರೆದುಕೊಂಡು ಇಡೀ ರಚನೆಗಳನ್ನು ಮರಳಿ ಕಟ್ಟಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಮೂಲ ರಚನೆಗೆ ಸಮನಾದ ಶ್ರಮ.

ಮೂಲ ಧ್ವನಿಮುದ್ರಣವೇ ಸಿಕ್ಕಿತು ಎಂದುಕೊಳ್ಳೋಣ. ಆಗ ಎದುರಾಗುವ ಶತ್ರು ರಸಾಯನಶಾಸ್ತ್ರ, ಮತ್ತು ಆ ಶತ್ರುವಿನ ಪರಿಚಯ ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯ ಮನೆಮನೆಗೂ ಇದೆ. 1950ರ ದಶಕದಿಂದ ಸ್ಟುಡಿಯೊಗಳು ಬಳಸಿದ ಕಾಂತೀಯ ಫಿಲ್ಮು ಮತ್ತು ಟೇಪುಗಳಲ್ಲಿ ಬಹಳಷ್ಟಕ್ಕೆ ಸೆಲ್ಯುಲೋಸ್ ಅಸಿಟೇಟ್ ಆಧಾರ, ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಗಾಳಿಯಲ್ಲಿನ ನೀರಿನ ಅಣುಗಳು ಅಸಿಟೇಟಿನ ಸರಪಳಿಯಿಂದ ಅಸಿಟೈಲ್ ಗುಂಪುಗಳನ್ನು ಕಿತ್ತು ಅಸಿಟಿಕ್ ಆಮ್ಲವನ್ನು ಹುಟ್ಟಿಸುತ್ತವೆ. ಅದೇ ಆಮ್ಲ ಮುಂದಿನ ಕ್ರಿಯೆಗೆ ವೇಗವರ್ಧಕವಾಗುವುದರಿಂದ, ಒಮ್ಮೆ ಶುರುವಾದ ಕೊಳೆತ ತನ್ನನ್ನು ತಾನೇ ಬೆಳೆಸಿಕೊಂಡು ಹೋಗುತ್ತದೆ. ಲೇಪದಲ್ಲಿರುವ ಕಬ್ಬಿಣವೂ ಅದಕ್ಕೆ ಕೈಗೂಡಿಸುತ್ತದೆ. ಹೊಸ ಅಸಿಟೇಟ್ ಫಿಲ್ಮನ್ನು 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 50 ಸಾಪೇಕ್ಷ ಆರ್ದ್ರತೆಯಲ್ಲಿ ಇಟ್ಟರೆ ಈ ಕೊಳೆತ, ಅಂದರೆ ವಿನೆಗರಿನಂತೆ ಹುಳಿ ನಾರುವ ‘ವಿನೆಗರ್ ರೋಗ’, ಕಾಣಿಸಿಕೊಳ್ಳಲು ಸುಮಾರು 40 ವರ್ಷ ಬೇಕು ಎಂಬುದು ಸಂರಕ್ಷಣಾ ತಜ್ಞರ ಅಂದಾಜು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮನೆಗಳಲ್ಲಿ ಆಷಾಢದ ಹೊತ್ತಿಗೆ ಆರ್ದ್ರತೆ ಶೇ 90 ದಾಟಿ, ಗೋಡೆ ಬೆವೆತು, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಅಂಥಲ್ಲಿ ಈ ಗಡುವು ಎಷ್ಟು ಮೊಟಕಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಕಲೇಶಪುರದ ಕಡೆಯ ಒಂದು ತೋಟದ ಮನೆಯಲ್ಲಿ, ಹಿರಿಯರು ರೇಡಿಯೊ ಕಾರ್ಯಕ್ರಮಗಳನ್ನೂ ಮನೆಯ ಭಜನೆಯನ್ನೂ ತುಂಬಿಸಿಟ್ಟಿದ್ದ ಸ್ಪೂಲ್ ಟೇಪುಗಳ ಪೆಟ್ಟಿಗೆಯನ್ನು ನಾನು ತೆರೆದು ನೋಡಿದ್ದೇನೆ. ಮುಚ್ಚಳ ಎತ್ತುತ್ತಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಒಂದು ಸ್ಪೂಲನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಸುತ್ತಿದ ಟೇಪಿನ ಪದರಗಳ ಮೂಲಕ ಕಂದು ಬಣ್ಣದ ಮಂದ ಬೆಳಕು ಹಾದುಬಂತು, ಅಂದರೆ ಅದು ಅಸಿಟೇಟ್. ಅದರ ಅಂಚುಗಳು ಒಣಗಿದ ಬಾಳೆಪಟ್ಟೆಯ ಹಾಗೆ ಒಳಕ್ಕೆ ಸುರುಳಿಗೊಂಡಿದ್ದವು. ಇನ್ನೊಂದರ ಮೂಲಕ ಬೆಳಕು ಚೂರೂ ಹಾಯಲಿಲ್ಲ, ಅದು ಪಾಲಿಯೆಸ್ಟರ್. ಅದನ್ನು ಒಂದು ಸುತ್ತು ಬಿಚ್ಚುವಷ್ಟರಲ್ಲಿ ಬೆರಳಿಗೆ ಅಂಟಂಟಾದ ಕಂದು ಪುಡಿ ಮೆತ್ತಿಕೊಂಡಿತು. “ಕಾಫಿ ಒಣಗಿಸೋ ಕಣದಲ್ಲಿ ಎರಡು ದಿನ ಬಿಸಿಲಿಗಿಟ್ಟರೆ ಸರಿಹೋಗಲ್ವಾ ಸಾರ್?” ಎಂದು ಮನೆಯವರು ಕೇಳಿದ್ದು ತೀರಾ ಅಸಂಗತವಾದ ಪ್ರಶ್ನೆಯಲ್ಲ. ಪಾಲಿಯೆಸ್ಟರ್ ಟೇಪಿನಲ್ಲಿ ಆಕ್ಸೈಡನ್ನು ಹಿಡಿದಿಡುವ ಅಂಟು ತೇವ ಹೀರಿ ಮೆತ್ತಗಾದಾಗ, ಪ್ರಯೋಗಾಲಯದವರು ಅದನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸುತ್ತಾರೆ. ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ, ಅಷ್ಟರೊಳಗೆ ಟೇಪನ್ನು ನುಡಿಸಿ ಡಿಜಿಟಲ್ ಪ್ರತಿ ಮಾಡಿಕೊಳ್ಳುತ್ತಾರೆ. ಆದರೆ ಬಿಸಿಲಿನ ಕಾವು ಸಮವಾಗಿರುವುದಿಲ್ಲ, ಮತ್ತು ಅಸಿಟೇಟ್ ಟೇಪನ್ನು ಹೀಗೆ ಕಾಯಿಸಿದರೆ ಅದು ಶಾಶ್ವತವಾಗಿ ಹಾಳಾಗುತ್ತದೆ. ಆದ್ದರಿಂದ ಯಾವುದು ಯಾವ ಜಾತಿಯ ಟೇಪು ಎಂದು ತಿಳಿಯುವುದು ಎಲ್ಲಕ್ಕಿಂತ ಮೊದಲ ಕೆಲಸ.

ಟೇಪಿನ ಓಟದ ಏರುಪೇರನ್ನು ತಿದ್ದುವ ಒಂದು ವಿಧಾನವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರ ಹಿಂದಿನ ಯೋಚನೆ ಬಹಳ ಸೊಗಸಾದದ್ದು. ಟೇಪಿನ ಮೇಲೆ ಧ್ವನಿ ವಿರೂಪಗೊಳ್ಳದೆ ಮೂಡಲೆಂದು ರೆಕಾರ್ಡರು ‘ಬಯಾಸ್’ ಎಂಬ ಒಂದು ಸ್ಥಿರವಾದ ಕಂಪನವನ್ನೂ ಜೊತೆಗೆ ಕಳುಹಿಸುತ್ತದೆ. ಮನುಷ್ಯನ ಕಿವಿಗೆ ಎಟುಕುವ, ಸೆಕೆಂಡಿಗೆ 20 ಸಾವಿರ ಕಂಪನಗಳ, ಅಂದರೆ 20 ಸಾವಿರ ಹರ್ಟ್ಸ್‌ಗಿಂತ ಎಷ್ಟೋ ಮೇಲಿರುವ ಆ ಕಂಪನವನ್ನು ಯಾರೂ ಕೇಳಲಿಲ್ಲ, ಯಾರೂ ಅಳಿಸಲೂ ಇಲ್ಲ. ಇಂದಿನ ಸೂಕ್ಷ್ಮ ಸಲಕರಣೆಗಳು ಟೇಪಿನಲ್ಲಿ ಉಳಿದಿರುವ ಅದರ ಕುರುಹನ್ನು ಓದಬಲ್ಲವು. ಮೂಲದಲ್ಲಿ ಸ್ಥಿರವಾಗಿದ್ದ ಕಂಪನ ಈಗ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಅಳೆದರೆ, ಅಂದಿನ ಯಂತ್ರ ಯಾವ ಕ್ಷಣದಲ್ಲಿ ಎಷ್ಟು ತಡವರಿಸಿತ್ತು ಎಂಬುದು ಗೊತ್ತಾಗುತ್ತದೆ. ಆ ಅಳತೆಯಂತೆ ಸಂಗೀತದ ಕಾಲವನ್ನು ಗಣಕದಲ್ಲಿ ಹಿಗ್ಗಿಸಿ ಕುಗ್ಗಿಸಿದಾಗ ಪಿಟೀಲಿನ ಶ್ರುತಿ ನೆಟ್ಟಗೆ ನಿಲ್ಲುತ್ತದೆ.

ಇಲ್ಲಿಯವರೆಗಿನ ಕಷ್ಟಗಳು ಯಾವ ಹಳೆಯ ಚಿತ್ರದ ಸಂಗೀತಕ್ಕೂ ಅನ್ವಯಿಸುತ್ತವೆ. ಭಯಾನಕ ಚಿತ್ರಗಳ ಸಂಗೀತಕ್ಕೆ ಮಾತ್ರ ಇನ್ನೊಂದು ವಿಶೇಷ ಕಷ್ಟವಿದೆ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದೂ ಅದೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞ ಡೇನಿಯಲ್ ಬ್ಲೂಮ್‌ಸ್ಟೈನ್ ಮಾರ್ಮೊಟ್ ಎಂಬ ಬೆಟ್ಟದ ದಂಶಕದ ಮರಿಗಳು ಹೆದರಿದಾಗ ಕೂಗುವ ಬಗೆಯನ್ನು ಅಭ್ಯಾಸ ಮಾಡಿದವರು. ಗಂಟಲಿನ ಮೇಲೆ ಅತಿಯಾದ ಒತ್ತಡ ಬಿದ್ದಾಗ ಸ್ವರತಂತುಗಳ ಕ್ರಮಬದ್ಧ ಕಂಪನ ಮುರಿದು, ದನಿ ಕರ್ಕಶವಾಗಿ ಒಡೆಯುತ್ತದೆ. ಮುತ್ತೋಡಿಯ ಕಾಡಿನಲ್ಲಿ ಹುಲಿಯ ಸುಳಿವು ಸಿಕ್ಕ ಕಾಡುಕುರಿಯ ಬೊಗಳಿಕೆಯನ್ನು ಕೇಳಿದವರಿಗೆ ಅಂಥ ದನಿ ಎಂಥದ್ದೆಂದು ಗೊತ್ತು. 2010ರಲ್ಲಿ ಬ್ಲೂಮ್‌ಸ್ಟೈನ್ ಅವರೂ ಅವರ ಸಂಗಡಿಗರೂ 102 ಚಲನಚಿತ್ರಗಳ ಧ್ವನಿಪಥಗಳನ್ನು ಪರಿಶೀಲಿಸಿ, ಚಿತ್ರ ತಯಾರಕರು ಪ್ರಾಣಿಗಳ ಆರ್ತನಾದವನ್ನು ಹೋಲುವ ಇದೇ ಬಗೆಯ ಒಡಕು ಸದ್ದುಗಳಿಂದ ನಮ್ಮ ಭಾವನೆಗಳನ್ನು ಆಳುತ್ತಾರೆ ಎಂದು ವರದಿ ಮಾಡಿದರು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಮನುಷ್ಯನ ಚೀತ್ಕಾರದ ವಿಶಿಷ್ಟ ಗುಣ ಅದರ ಒರಟುತನ ಎಂದು ತೋರಿಸಿತು. ದನಿಯ ಮಟ್ಟ ಸೆಕೆಂಡಿಗೆ ಸುಮಾರು 30ರಿಂದ 150 ಬಾರಿ ಏರಿಳಿಯುವುದೇ ಆ ಒರಟುತನ. ಮಾಮೂಲು ಮಾತಿನಲ್ಲಿ ಈ ಏರಿಳಿತ ಸೆಕೆಂಡಿಗೆ ನಾಲ್ಕೈದು ಬಾರಿ ಮಾತ್ರ.

ಇದನ್ನು ಸಂಗೀತಕ್ಕೆ ಹೊಂದಿಸಿ ನೋಡಿದರೆ ಲೆಕ್ಕ ಕೂಡಿಬರುತ್ತದೆ. ಪಿಟೀಲಿನ ಮೇಲಿನ ನೆಲೆಯಲ್ಲಿ 2000 ಹರ್ಟ್ಸ್‌ನ ಒಂದು ಸ್ವರವನ್ನೂ ಅದಕ್ಕೆ ತಾಗಿದ ಮುಂದಿನ ಸ್ವರಸ್ಥಾನವನ್ನೂ, ಅಂದರೆ ಸುಮಾರು 2119 ಹರ್ಟ್ಸನ್ನೂ, ಒಟ್ಟಿಗೆ ನುಡಿಸಿದರೆ ಅವೆರಡರ ವ್ಯತ್ಯಾಸವಾದ 119ರಂತೆ ಪ್ರತಿ ಸೆಕೆಂಡಿಗೆ ದನಿ ಅದುರುತ್ತದೆ, ಮತ್ತು ಆ ಅದುರುವಿಕೆ ಚೀತ್ಕಾರದ ಒರಟುತನದ ವಲಯದೊಳಗೇ ಬೀಳುತ್ತದೆ. 1960ರ ‘ಸೈಕೊ’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನು ಮಾತ್ರ ಬಳಸಿ, ಉಳಿದೆಲ್ಲ ಕಡೆ ಅವುಗಳ ಕುದುರೆಗೆ (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿಗೆ) ಮ್ಯೂಟ್ ಸಿಕ್ಕಿಸಿ ದನಿಯನ್ನು ಅದುಮಿಟ್ಟು, ಸ್ನಾನದ ಮನೆಯ ಕೊಲೆಯ ದೃಶ್ಯದಲ್ಲಿ ಮಾತ್ರ ಮ್ಯೂಟ್ ತೆಗೆಸಿ ತಾರಸ್ಥಾಯಿಯ ಪಕ್ಕಪಕ್ಕದ ಸ್ವರಗಳನ್ನು ಒಂದರ ಮೇಲೊಂದು ಪೇರಿಸಿದರು. ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದ ನಿರ್ದೇಶಕ ಹಿಚ್‌ಕಾಕ್ ಇದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು.

ಹಾಗಾದರೆ ಹಳೆಯ ಟೇಪನ್ನು ಶುದ್ಧಿ ಮಾಡುವವನ ಪಾಡೇನು? ಸದ್ದು ತೆಗೆಯುವ ತಂತ್ರಾಂಶವು ಸಂಗೀತವಿಲ್ಲದ ಒಂದು ಕ್ಷಣದಿಂದ ಟೇಪಿನ ಹಿಸ್ಸೆಂಬ ಸದ್ದಿನ ಮಾದರಿಯನ್ನು ತೆಗೆದುಕೊಂಡು, ಆವರ್ತನದ ಪ್ರತಿ ಪಟ್ಟಿಯಿಂದಲೂ ಅಷ್ಟಷ್ಟನ್ನು ಕಳೆಯುತ್ತದೆ. ಪ್ರೇಮಗೀತೆಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಕಮಾನನ್ನು ಕುದುರೆಯ ತೀರ ಹತ್ತಿರಕ್ಕೆ ತಂದು ನಡುಗಿಸುತ್ತ ನುಡಿಸಿದ ತಂತಿಯ ಕೆರೆತ, ಕಂಚಿನ ತಾಳವನ್ನು ಉಜ್ಜಿದ ಸದ್ದು, ಇಂಥವು ಆವರ್ತನದ ಎಲ್ಲ ಪಟ್ಟಿಗಳಿಗೂ ಹರಡಿಕೊಂಡಿರುವುದರಿಂದ ತಂತ್ರಾಂಶದ ಕಣ್ಣಿಗೆ ಅವೂ ಕಸವೇ. ಈ ಪ್ರಕಾರದಲ್ಲಿ ಕರ್ಕಶತೆಯೇ ಸಂಗೀತ. ಅದನ್ನು ತೊಳೆದು ನುಣುಪು ಮಾಡಿದ ಪ್ರತಿ ಕೇಳಲು ಇಂಪಾಗಿದ್ದರೂ ಯಾರನ್ನೂ ಹೆದರಿಸುವುದಿಲ್ಲ. ಮಾತಿನಿಂದ ಸಂಗೀತವನ್ನು ಬೇರ್ಪಡಿಸುವ ಯಂತ್ರಕಲಿಕೆಯ ಹೊಸ ವಿಧಾನಗಳೂ ನಾಯಕಿಯ ಚೀತ್ಕಾರ ಮತ್ತು ತಾರದ ಪಿಟೀಲು ಒಂದೇ ಕ್ಷಣದಲ್ಲಿ ಒಂದೇ ವಲಯದಲ್ಲಿ ಸೇರಿದಾಗ ತಡವರಿಸುತ್ತವೆ. ಅಂಥ ಕಡೆ ತೀರ್ಪು ಕೊಡಬೇಕಾದದ್ದು ಸ್ವರಲಿಪಿ. ಹಾಳೆಯಲ್ಲಿ ಕೆರೆತ ಬರೆದಿದ್ದರೆ ಅದು ಉಳಿಯಬೇಕು, ಬರೆದಿರದಿದ್ದರೆ ಹೋಗಬಹುದು. ಹಿಸ್ಸೆನ್ನುವ ಸದ್ದನ್ನು ಸ್ವಲ್ಪ ಹೆಚ್ಚಾಗಿಯೇ ಉಳಿಸಿಕೊಂಡ ಬಿಡುಗಡೆಗಳನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ.

ನಮ್ಮ ಚಿತ್ರಗಳ ಮಾತಿಗೆ ಬಂದರೆ, ಹಾಳೆ ಮತ್ತು ಟೇಪು ಎರಡೂ ವಿರಳ. ದಕ್ಷಿಣದ ಚಿತ್ರರಂಗದಲ್ಲಿ ರೀರೆಕಾರ್ಡಿಂಗ್ ಎಂದು ಕರೆಯುವ ಹಿನ್ನೆಲೆ ಸಂಗೀತದ ಕೆಲಸ ಬಹುಕಾಲ ಮದರಾಸಿನ ಸ್ಟುಡಿಯೊಗಳಲ್ಲಿ ನಡೆಯಿತು. ಪರದೆಯ ಮೇಲೆ ರೀಲು ಓಡಿಸುತ್ತ ವಾದಕರು ಅದಕ್ಕೆ ಸರಿಯಾಗಿ ನುಡಿಸುತ್ತಿದ್ದರು. 1979ರ ‘ನಾ ನಿನ್ನ ಬಿಡಲಾರೆ’ ಚಿತ್ರವನ್ನು ಹಾಸನದ ಟಾಕೀಸಿನಲ್ಲಿ ನೋಡಿ ರಾತ್ರಿ ಒಬ್ಬರೇ ಮನೆಗೆ ನಡೆಯಲು ಅಂಜಿದವರು ಈಗಲೂ ಸಿಗುತ್ತಾರೆ. ಅದಕ್ಕೆ ರಾಜನ್–ನಾಗೇಂದ್ರ ಜೋಡಿ ಮಾಡಿದ ಹಾಡುಗಳು ಧ್ವನಿಮುದ್ರಿಕೆಯಾಗಿ ಮನೆಗಳನ್ನು ಸೇರಿದವು. ಆದರೆ ಅಂದಿನ ಪ್ರೇಕ್ಷಕರ ಮೈ ಜುಮ್ಮೆನಿಸಿದ್ದು ಹಾಡುಗಳ ನಡುವಿನ ಸಂಗೀತ, ಅದು ಇರುವುದು ಚಿತ್ರದ ಧ್ವನಿಪಥದಲ್ಲಿ, ಮಾತುಗಳ ಕೆಳಗೆ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ವನ್ನೇ ಉಳಿಸಿಕೊಳ್ಳದ ನಾಡಿನಲ್ಲಿ ಹಿನ್ನೆಲೆ ಸಂಗೀತದ ಹಾಳೆಗೆ ಬೆಲೆ ಬರುವುದು ತಡವಾದುದರಲ್ಲಿ ಆಶ್ಚರ್ಯವಿಲ್ಲ, ಆದರೆ ಇನ್ನೂ ತಡಮಾಡುವುದಕ್ಕೆ ಕಾರಣಗಳಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಂಗೀತ ಕೃತಿಯ ಹಕ್ಕು ರಚಿಸಿದವರ ಮರಣಾನಂತರವೂ 60 ವರ್ಷ ಇರುವುದರಿಂದ, ಬಿಡುಗಡೆ ಮಾಡಬೇಕೆನ್ನುವವರು ನಿರ್ಮಾಪಕರ ಮತ್ತು ಸಂಗೀತಗಾರರ ಮನೆಯವರ ಒಪ್ಪಿಗೆಯಿಂದ ಆರಂಭಿಸಬೇಕು. ಆದರೆ ಉಳಿಸಿಕೊಳ್ಳುವ ಕೆಲಸ ಆ ಮಾತುಕತೆ ಮುಗಿಯಲೆಂದು ಕಾಯುವ ಹಾಗಿಲ್ಲ.

ಆ ಕಾಲದ ವೃಂದಗಳಲ್ಲಿ ಪಿಟೀಲು, ಕೊಳಲು, ತಬಲಾ ನುಡಿಸಿದವರ ಅಥವಾ ಧ್ವನಿಗ್ರಾಹಕರಾಗಿದ್ದವರ ಮನೆಗಳು ನಮ್ಮ ಊರುಗಳಲ್ಲೂ ಇರಬಹುದು. ಅಂಥ ಮನೆಯಲ್ಲಿ ಸ್ವರ ಬರೆದ ನೋಟುಪುಸ್ತಕ ಸಿಕ್ಕರೆ, ರೀಲಿನ ಸಂಖ್ಯೆಯೂ ದೃಶ್ಯದ ಟಿಪ್ಪಣಿಯೂ ಕಾಣುವ ಹಾಗೆ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಪೂಲು ಸಿಕ್ಕರೆ ಅದನ್ನು ಹಳೆಯ ಯಂತ್ರಕ್ಕೆ ಹಾಕಿ ಓಡಿಸುವ ಆಸೆಯನ್ನು ಮೊದಲು ತಡೆದುಕೊಳ್ಳಿ, ಏಕೆಂದರೆ ಲೇಪ ಸಡಿಲವಾಗಿದ್ದರೆ ಆ ಒಂದು ಓಟದಲ್ಲೇ ಧ್ವನಿ ಪುಡಿಯಾಗಿ ಉದುರಿಹೋಗುತ್ತದೆ. ಹುಳಿ ವಾಸನೆ ಬರುವ ಸ್ಪೂಲುಗಳನ್ನು ಉಳಿದವುಗಳಿಂದ ಬೇರೆಯಾಗಿಡಿ, ಅವುಗಳಿಂದ ಹೊಮ್ಮುವ ಆಮ್ಲದ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಅಟ್ಟದ ಮೇಲಾಗಲಿ ಒಲೆಯ ಗೋಡೆಯ ಪಕ್ಕದಲ್ಲಾಗಲಿ ಇಡದೆ, ಮನೆಯಲ್ಲಿ ಅತ್ಯಂತ ತಂಪಾದ ಮತ್ತು ಒಣಗಿದ ಕೋಣೆಯಲ್ಲಿ, ಡಬ್ಬದ ಮೇಲೆ ಚಿತ್ರದ ಹೆಸರು ಮತ್ತು ವರ್ಷ ಬರೆದು, ನಿಲ್ಲಿಸಿಡಿ. ಮುಂಗಾರು ಹಿಡಿಯುವ ಮೊದಲೇ ಅವನ್ನು 96 ಕಿಲೊಹರ್ಟ್ಸ್, 24 ಬಿಟ್ ಮಟ್ಟದಲ್ಲಿ ಡಿಜಿಟಲ್‌ಗೆ ಇಳಿಸಬಲ್ಲ ಪ್ರಯೋಗಾಲಯದವರ ಕೈಗೆ ಒಪ್ಪಿಸಿ. ಶುದ್ಧಿ ಮಾಡಿದ ಪ್ರತಿಯ ಜೊತೆಗೆ, ಏನನ್ನೂ ತೆಗೆಯದ ಕಚ್ಚಾ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ.