ಕ್ಯಾಸಿನೊ ಯಾರ ಹಕ್ಕು? ಅಮೆರಿಕದ ಬುಡಕಟ್ಟುಗಳು, ರಾಜ್ಯಗಳು, ವ್ಯಾಪಾರಿಗಳು

ಬಡ ಬುಡಕಟ್ಟುಗಳ ಮೇಲೆ ಕನಿಕರ ತೋರಿ ಅಮೆರಿಕದ ಸರ್ಕಾರ ಅವರಿಗೆ ಕ್ಯಾಸಿನೊ ನಡೆಸುವ ರಿಯಾಯಿತಿ ಕೊಟ್ಟಿತು ಎಂದು ಟಿಪ್ಪಣಿ ಮಾಡಿಕೊಂಡವರು ಆ ಸಾಲನ್ನು ಹೊಡೆದುಹಾಕಿ ಮುಂದೆ ಓದಿ. ನಮಗೆ ಈ ಗೊಂದಲ ಸಹಜ. ನಮ್ಮ ಸಂವಿಧಾನದಲ್ಲಿ ಪಣ ಮತ್ತು ಜೂಜು ರಾಜ್ಯಪಟ್ಟಿಯ 34ನೇ ನಮೂದು. ಜೂಜೆಂದರೆ ರಾಜ್ಯ ಸರ್ಕಾರದ ಸೊತ್ತು ಎಂದೇ ನಾವು ಯೋಚಿಸುತ್ತೇವೆ. ಅಮೆರಿಕದಲ್ಲಿ ಕೇಂದ್ರ ಮತ್ತು ರಾಜ್ಯಗಳ ಜೊತೆಗೆ ಬುಡಕಟ್ಟು ಮೂರನೆಯ ಸರ್ಕಾರ. ಅದರ ಮೀಸಲು ಪ್ರದೇಶದೊಳಗೆ ರಾಜ್ಯದ ಕಾನೂನು ತಾನಾಗಿ ಕಾಲಿಡುವುದಿಲ್ಲ; ಸಂಸತ್ತು ಅನುಮತಿಸಿದಷ್ಟೇ ಒಳಕ್ಕೆ ಬರುತ್ತದೆ.

ಕಥೆಯ ಬೇರು ಇರುವುದು ಜೂಜಿನಲ್ಲಲ್ಲ, ಒಂದು ತೆರಿಗೆ ಚೀಟಿಯಲ್ಲಿ. 1972ರಲ್ಲಿ ಮಿನ್ನೆಸೋಟದ ಇಟಾಸ್ಕ ಕೌಂಟಿ, ಲೀಚ್ ಲೇಕ್ ಮೀಸಲು ಪ್ರದೇಶದಲ್ಲಿದ್ದ ಚಿಪ್ಪೆವಾ ಬುಡಕಟ್ಟಿನ ಕುಟುಂಬವೊಂದರ ಸಂಚಾರಿ ಮನೆಗೆ (ಮೊಬೈಲ್ ಹೋಮ್) 147.95 ಡಾಲರ್ ತೆರಿಗೆ ಹಾಕಿತು. ಬುಡಕಟ್ಟು ನೆಲದಲ್ಲಿ ಕೆಲವು ರಾಜ್ಯಗಳಿಗೆ ಅಧಿಕಾರ ಕೊಡುವ 1953ರ ‘ಪಬ್ಲಿಕ್ ಲಾ 280’ ಎಂಬ ಕಾಯ್ದೆ ಮಿನ್ನೆಸೋಟಕ್ಕೂ ಅನ್ವಯಿಸುತ್ತಿತ್ತು. ಆದರೆ ಆ ಕಾಯ್ದೆ ಅಪರಾಧಗಳನ್ನು ವಿಚಾರಿಸಲು ಮತ್ತು ಖಾಸಗಿ ವ್ಯಾಜ್ಯಗಳನ್ನು ಬಗೆಹರಿಸಲು ಅಧಿಕಾರ ಕೊಡುತ್ತದೆ, ತೆರಿಗೆ ಹಾಕಲು, ನಿಯಂತ್ರಿಸಲು ಅಲ್ಲ ಎಂದು ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ನೂರೈವತ್ತು ಡಾಲರೂ ಆಗದ ಈ ಜಗಳವೇ ಮುಂದೆ ಶತಕೋಟಿಗಳ ಉದ್ಯಮಕ್ಕೆ ದಾರಿ ತೆರೆಯಿತು.

ಫ್ಲೋರಿಡಾದ ಸೆಮಿನೋಲ್ ಬುಡಕಟ್ಟಿನವರು 1979ರಲ್ಲಿ ದೊಡ್ಡ ಮೊತ್ತದ ಬಿಂಗೊ (ತಂಬೋಲಾದಂಥ ಅಂಕಿಯಾಟ) ಆರಂಭಿಸಿದರು. ಕ್ಯಾಲಿಫೋರ್ನಿಯಾದ ಮರುಭೂಮಿಯಂಚಿನಲ್ಲಿ, ರಿವರ್‌ಸೈಡ್ ಕೌಂಟಿಯಲ್ಲಿ, ಕಬಜೋನ್ ಮತ್ತು ಮೊರೊಂಗೊ ಬುಡಕಟ್ಟುಗಳು ಬಿಂಗೊ ಆಡಿಸುತ್ತಿದ್ದವು; ಕಬಜೋನರದು ಒಂದು ಇಸ್ಪೀಟು ಕ್ಲಬ್ಬೂ ಇತ್ತು. ಕಬಜೋನ್ ಬುಡಕಟ್ಟಿನ ಸದಸ್ಯರು ಆಗ ಸುಮಾರು 25 ಮಂದಿ! ರಾಜ್ಯ ಕಾನೂನಿನ ಪ್ರಕಾರ ಬಿಂಗೊವನ್ನು ಧರ್ಮಾರ್ಥ ಸಂಸ್ಥೆಗಳು ಮಾತ್ರ ನಡೆಸಬೇಕು, ನಡೆಸುವವರು ಸಂಬಳ ಪಡೆಯಬಾರದು, ಒಂದು ಆಟದ ಬಹುಮಾನ 250 ಡಾಲರ್ ಮೀರಬಾರದು. ಇದನ್ನು ಬುಡಕಟ್ಟುಗಳ ಮೇಲೂ ಹೇರಲು ರಾಜ್ಯ ಹೊರಟಿತು. ಸಂಘಟಿತ ಅಪರಾಧಿಗಳು ನುಸುಳುತ್ತಾರೆಂಬ ಭಯವನ್ನೂ ಮುಂದಿಟ್ಟಿತು.

1987ರ ತೀರ್ಪಿನಲ್ಲಿ (6–3 ಬಹುಮತ) ಸುಪ್ರೀಂ ಕೋರ್ಟ್ ಕೇಳಿಕೊಂಡ ಪ್ರಶ್ನೆಯನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ: ರಾಜ್ಯ ಜೂಜನ್ನು ನಿಷೇಧಿಸಿದೆಯೋ ಅಥವಾ ನಿಯಂತ್ರಿಸುತ್ತಿದೆಯೋ? ಕ್ಯಾಲಿಫೋರ್ನಿಯಾ ತಾನೇ ಲಾಟರಿ ಮಾರುತ್ತಿತ್ತು, ಕುದುರೆ ಪಂದ್ಯದ ಬಾಜಿಗೆ ಅವಕಾಶ ಕೊಟ್ಟಿತ್ತು. ಹಾಗಿದ್ದ ಮೇಲೆ ಇದು ನಿಷೇಧವಲ್ಲ, ನಿಯಂತ್ರಣ. 1976ರಲ್ಲೇ ಹೇಳಿದಂತೆ ನಿಯಂತ್ರಣದ ಅಧಿಕಾರ ಮೀಸಲು ಪ್ರದೇಶದೊಳಗೆ ನಡೆಯದು. ತಾನು ಲಾಟರಿ ಮಾರುತ್ತಾ ಪಕ್ಕದವರ ಬಿಂಗೊವನ್ನು ಅಪರಾಧವೆನ್ನುವ ರಾಜ್ಯದ ಧೋರಣೆ ನನಗಂತೂ ಹಾಸ್ಯಾಸ್ಪದವಾಗಿ ಕಾಣುತ್ತದೆ.

ಮರುವರ್ಷ, 1988ರ ಅಕ್ಟೋಬರ್ 17ರಂದು, ಸಂಸತ್ತಿನ ‘ಇಂಡಿಯನ್ ಗೇಮಿಂಗ್ ರೆಗ್ಯುಲೇಟರಿ ಆ್ಯಕ್ಟ್’ ಜಾರಿಗೆ ಬಂತು (ಇಲ್ಲಿ ‘ಇಂಡಿಯನ್’ ಎಂದರೆ ಅಮೆರಿಕದ ಮೂಲನಿವಾಸಿ). ತೀರ್ಪಿನಿಂದ ಆಗಲೇ ಸಿಕ್ಕಿದ್ದ ಹಕ್ಕಿಗೆ ಈ ಕಾಯ್ದೆ ಬೇಲಿ ಹಾಕಿತು. ಸಾಂಪ್ರದಾಯಿಕ ಆಟಗಳು ಮೊದಲ ವರ್ಗ. ಬಿಂಗೊ ಮತ್ತು ಆಟಗಾರರು ತಮ್ಮತಮ್ಮಲ್ಲೇ ಆಡುವ ಇಸ್ಪೀಟು ಎರಡನೆಯದು. ಸ್ಲಾಟ್ ಎಂಬ ಜೂಜಿನ ಯಂತ್ರ, ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟ ಮುಂತಾದ ನಿಜವಾದ ಕ್ಯಾಸಿನೊ ಆಟಗಳೆಲ್ಲ ಮೂರನೆಯದು. ಮೂರನೆಯ ವರ್ಗಕ್ಕೆ ರಾಜ್ಯದೊಂದಿಗೆ ಒಪ್ಪಂದ ಬೇಕು. ರಾಜ್ಯ ಸದ್ಭಾವದಿಂದ ಮಾತುಕತೆಗೆ ಬಾರದಿದ್ದರೆ ಮೊಕದ್ದಮೆ ಹೂಡಬಹುದು ಎಂಬ ಅಸ್ತ್ರವನ್ನೂ ಕಾಯ್ದೆ ಕೊಟ್ಟಿತ್ತು. 1996ರಲ್ಲಿ ಸೆಮಿನೋಲರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 5–4ರಿಂದ ಆ ಅಸ್ತ್ರವನ್ನು ಮೊಂಡಾಗಿಸಿತು: ಮೊಕದ್ದಮೆಗೆ ರಾಜ್ಯವೇ ಒಪ್ಪದಿದ್ದರೆ ಅದನ್ನು ಕೋರ್ಟಿಗೆ ಎಳೆಯಲಾಗದು.

ಈಗ ವ್ಯಾಪಾರಿಗಳ ಆಕ್ಷೇಪಕ್ಕೆ ಬರೋಣ. ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಮಾಲೀಕರಾಗಿದ್ದ ಡೊನಾಲ್ಡ್ ಟ್ರಂಪ್ 1993ರಲ್ಲಿ ಸಂಸತ್ತಿನ ಉಪಸಮಿತಿಯ ಮುಂದೆ, ಕನೆಕ್ಟಿಕಟ್‌ನಲ್ಲಿ ಫಾಕ್ಸ್‌ವುಡ್ಸ್ ಕ್ಯಾಸಿನೊ ನಡೆಸುವ ಮಶಾಂಟಕೆಟ್ ಪೀಕ್ವಾಟರು ತಮಗೆ ಇಂಡಿಯನ್ನರಂತೆ ಕಾಣುವುದಿಲ್ಲ ಎಂದರು. ಜನಾಂಗ ನೋಡಿ ಕೊಟ್ಟ ಸವಲತ್ತು ಇದು ಎಂಬ ಈ ವಾದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಬುಡಕಟ್ಟಿನ ಸದಸ್ಯತ್ವ ರಾಜಕೀಯ ಸಂಬಂಧ, ಜನಾಂಗದ ಗುರುತಲ್ಲ ಎಂದು 1974ರ ಮಾರ್ಟನ್–ಮಂಕಾರಿ ತೀರ್ಪು ಹೇಳಿತ್ತು.

ಆದರೆ ಕ್ಯಾಸಿನೊ ಬುಡಕಟ್ಟುಗಳ ಏಕಸ್ವಾಮ್ಯವಾಗಿದೆ ಎಂಬ ಇನ್ನೊಂದು ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ನನ್ನ ಓದಿನಲ್ಲಿ ಇಡೀ ಚರ್ಚೆ ಎಡವುವುದು ಇಲ್ಲಿಯೇ. ತನ್ನ ನೆಲದಲ್ಲಿ ಆಡಿಸುವುದು ಬುಡಕಟ್ಟಿನ ಹಕ್ಕು; ಪಕ್ಕದ ಊರಿನಲ್ಲಿ ಬೇರೆ ಯಾರೂ ಆಡಿಸಬಾರದು ಎನ್ನುವುದು ಹಣ ಕೊಟ್ಟು ಪಡೆದ ಒಪ್ಪಂದ. ಬುಡಕಟ್ಟಿನ ಆದಾಯದ ಮೇಲೆ ರಾಜ್ಯ ತೆರಿಗೆ ಹಾಕುವಂತಿಲ್ಲ. ಆದ್ದರಿಂದ ಪಾಲು ಬೇಕಾದರೆ ಪ್ರತಿಯಾಗಿ ಬೆಲೆಬಾಳುವುದೇನನ್ನಾದರೂ ಕೊಡಬೇಕು. ಪೀಕ್ವಾಟರು 1993ರಲ್ಲಿ ರಾಜ್ಯಕ್ಕೆ ಸ್ಲಾಟ್ ಆದಾಯದ 25 ಪ್ರತಿಶತ ಕೊಡಲು ಒಪ್ಪಿದ್ದು, ಇತರರಿಗೆ ಆ ಯಂತ್ರಗಳ ಪರವಾನಗಿ ಸಿಗುವುದಿಲ್ಲ ಎಂಬ ಖಾತರಿಯ ಮೇಲೆ.

ಕ್ಯಾಲಿಫೋರ್ನಿಯಾದಲ್ಲಿ 1998ರ ಮತದಾನದಲ್ಲಿ ತಮ್ಮ ನೆಲದಲ್ಲಿ ಕ್ಯಾಸಿನೊಗೆ ಅವಕಾಶ ಕೋರಿ ಬುಡಕಟ್ಟುಗಳು ಜನಮತಕ್ಕಿಟ್ಟ ‘ಪ್ರಸ್ತಾವ 5’ನ್ನು ಸೋಲಿಸಲು ಪಕ್ಕದ ನೆವಾಡ ರಾಜ್ಯದ ಕ್ಯಾಸಿನೊಗಳು ಹಣ ಸುರಿದವು. ಆದರೂ ಅದು ಗೆದ್ದಿತು. ಮರುವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. 2000ದ ಮಾರ್ಚ್‌ನಲ್ಲಿ ರಾಜ್ಯ ಸಂವಿಧಾನವನ್ನೇ ತಿದ್ದಿ ಬುಡಕಟ್ಟುಗಳಿಗೆ ಅವಕಾಶ ಕೊಡಲಾಯಿತು. ಕ್ಯಾಸಿನೊ ಇಲ್ಲದ ಅಥವಾ ಚಿಕ್ಕದಿರುವ ಬುಡಕಟ್ಟುಗಳಿಗೆ ವರ್ಷಕ್ಕೆ 11 ಲಕ್ಷ ಡಾಲರ್‌ವರೆಗೆ ಹಂಚುವ ನಿಧಿಯೂ ಆ ಒಪ್ಪಂದಗಳ ಭಾಗ. ಊರಿಂದ ದೂರದ ಬೆಟ್ಟದಲ್ಲಿ ನೆಲವಿರುವ ಬುಡಕಟ್ಟಿಗೆ ಹೆದ್ದಾರಿ ಪಕ್ಕದವರ ಅದೃಷ್ಟ ಇರುವುದಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಈಗಿನ ಜಗಳ ಮೊಬೈಲಿನದು. ಆಟಗಾರ ಮಯಾಮಿಯ ಹೋಟೆಲಿನಲ್ಲಿ ಕುಳಿತು ಬಾಜಿ ಕಟ್ಟುತ್ತಾನೆ, ಸರ್ವರ್ ಸೆಮಿನೋಲರ ನೆಲದಲ್ಲಿದೆ. ಬಾಜಿ ನಡೆದದ್ದು ಎಲ್ಲಿ? ಸರ್ವರ್ ಇರುವಲ್ಲೇ ಎಂದು 2021ರ ಫ್ಲೋರಿಡಾ ಒಪ್ಪಂದ ಬರೆದುಕೊಂಡಿತು. ಮೀಸಲು ಪ್ರದೇಶದ ಹೊರಗಿನ ಬಾಜಿಗೆ ಅನುಮತಿ ಕೊಡುವುದು ಕೇಂದ್ರ ಕಾಯ್ದೆಯ ಕೆಲಸವಲ್ಲ, ಅದು ರಾಜ್ಯ ಕಾನೂನಿಗೆ ಬಿಟ್ಟದ್ದು ಎಂದ ಮೇಲ್ಮನವಿ ನ್ಯಾಯಾಲಯ, 2023ರಲ್ಲಿ ಒಪ್ಪಂದವನ್ನು ಉಳಿಸಿತು. 2024ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.