ಬಳ್ಳಾರಿ ಬಿಸಿಲಿಗೆ ಬೆನ್ನಿಗೊಂದು ನೀರಿನ ಚೀಲ

ಸಂಡೂರಿನ ಗುಡ್ಡದ ಕಚ್ಚಾ ದಾರಿಯಲ್ಲೋ, ಆನೆಗೊಂದಿಯ ಬಂಡೆಗಳ ನಡುವೆಯೋ ಮೌಂಟೇನ್ ಬೈಕ್ ತುಳಿಯುವವರು ಹೈಡ್ರೇಶನ್ ಬ್ಯಾಗ್ (ಬೆನ್ನಿಗೇರಿಸಿಕೊಂಡು ಪೈಪಿನಿಂದ ನೀರು ಹೀರುವ ಚೀಲ) ಕೊಳ್ಳುವಾಗ ಮೊದಲು ಕೇಳುವುದು ಇದನ್ನೇ: ಎರಡು ಲೀಟರ್ ಸಾಕಾ, ಮೂರು ಬೇಕಾ? ಅಂಗಡಿಯವರಿಗೆ ಗೊತ್ತಿರುವುದು ಚೀಲದ ಅಳತೆ. ಬೆವರಿನ ಲೆಕ್ಕ ನಾವೇ ಹಾಕಬೇಕು.

ಏರುದಾರಿಯಲ್ಲಿ ಒಬ್ಬರು 150 ವಾಟ್ ಶಕ್ತಿಯಲ್ಲಿ ಪೆಡಲ್ ತುಳಿಯುತ್ತಿದ್ದಾರೆ ಅಂದುಕೊಳ್ಳಿ. ನಮ್ಮ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಪೆಡಲ್‌ಗೆ ಸಿಗುವುದು ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಉಳಿದದ್ದೆಲ್ಲ ಶಾಖ. ಅಂದರೆ ಮೈಯೊಳಗೆ ಸುಮಾರು 500 ವಾಟ್‌ನ ಹೀಟರ್ ಉರಿಯುತ್ತಿರುತ್ತದೆ. ತಂಪು ಹವೆಯಲ್ಲಿ ಗಾಳಿಯೇ ಈ ಶಾಖದ ಒಂದು ಪಾಲನ್ನು ಹೊತ್ತೊಯ್ಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಕಡೆ 40 ಡಿಗ್ರಿ ದಾಟಿದಾಗ ಗಾಳಿ ಚರ್ಮಕ್ಕಿಂತ ಬಿಸಿ. ಅದು ಶಾಖ ಒಯ್ಯುವ ಬದಲು ಕೊಟ್ಟು ಹೋಗುತ್ತದೆ! ಆಗ ಉಳಿಯುವ ದಾರಿ ಬೆವರು ಆವಿಯಾಗುವುದು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 24 ಲಕ್ಷ ಜೂಲ್ ಶಾಖ ಮೈಬಿಟ್ಟು ಹೋಗುತ್ತದೆ. 500 ವಾಟ್ ಲೆಕ್ಕದಲ್ಲಿ ಗಂಟೆಗೆ ಹುಟ್ಟುವ ಶಾಖ 18 ಲಕ್ಷ ಜೂಲ್. ಅಲ್ಲಿಗೆ ಗಂಟೆಗೆ ಮುಕ್ಕಾಲು ಲೀಟರ್ ಆಯಿತು. ಬಿಸಿಲಿನದ್ದೂ ಸೇರಿಸಿದರೆ ಒಂದು ಲೀಟರ್ ಹತ್ತಿರ.

ನಮ್ಮ ಕಡೆಯ ಒಣಹವೆಯಲ್ಲಿ ಈ ಬೆವರು ಕಣ್ಣಿಗೇ ಬೀಳುವುದಿಲ್ಲ. ಮಂಗಳೂರಲ್ಲಿ ಅಂಗಿ ತೊಯ್ದು ಹಿಂಡುವಂತಾಗುತ್ತದೆ. ಇಲ್ಲಿ ಬಂದ ಬೆವರು ಬಂದಲ್ಲೇ ಆರಿ, ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ನಿಮ್ಮ ಲೆಕ್ಕ ಖಚಿತವಾಗಿ ಬೇಕಿದ್ದರೆ ಸವಾರಿಗೆ ಮೊದಲು ಮತ್ತು ಆಮೇಲೆ ತೂಕ ನೋಡಿ. ಇಳಿದ ಒಂದು ಕಿಲೋಗೆ ಒಂದು ಲೀಟರ್, ಜೊತೆಗೆ ನಡುವೆ ಕುಡಿದದ್ದನ್ನು ಕೂಡಿಸಿ.

ಹಾಗಾದರೆ ನಾಲ್ಕು ತಾಸಿನ ಸವಾರಿಗೆ ನಾಲ್ಕು ಲೀಟರ್ ಬೆನ್ನಿಗೇರಿಸಬೇಕಾ? ಬೇಡ ಅನ್ನುತ್ತೇನೆ. ಬೆನ್ನು ಕೂಡ ಬೆವರು ಆರಬೇಕಾದ ಜಾಗ. ಮಣ್ಣಿನ ಗಡಿಗೆಗೆ ಪ್ಲಾಸ್ಟಿಕ್ ಸುತ್ತಿಟ್ಟರೆ ನೀರು ತಣ್ಣಗಾಗುತ್ತದಾ? ಚೀಲ ಬೆನ್ನಿಗೆ ಅಂಟಿ ಕೂತರೆ ಆಗುವುದೂ ಅದೇ. ಹಾಗಾಗಿ ನಾನು ಮೊದಲು ನೋಡುವುದು ಚೀಲದ ಹಿಂಬದಿಯನ್ನು. ಬಲೆಯಂಥ ಬಟ್ಟೆ ಬಿಗಿದು, ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಗೆ ಸಂದು ಬಿಟ್ಟಿರಬೇಕು. ದಪ್ಪ ಸ್ಪಂಜಿನದು ಅಂಗಡಿಯಲ್ಲಿ ಮೆತ್ತಗೆ, ಹಿತವಾಗಿ ಕಾಣುತ್ತದೆ ಅಷ್ಟೇ. ಎರಡು ಲೀಟರ್ ಬೆನ್ನಲ್ಲಿರಲಿ, ಒಂದು ಬಾಟ್ಲಿ ಸೈಕಲ್ ಫ್ರೇಮಿನಲ್ಲಿ. ಉಳಿದದ್ದನ್ನು ದಾರಿಯ ಊರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಕೊಪ್ಪಳ, ರಾಯಚೂರಿನ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವುದರಿಂದ ಕಂಡಕಂಡ ನಲ್ಲಿಗೆ ಚೀಲ ಹಿಡಿಯದಿರುವುದೇ ಒಳ್ಳೆಯದು. ಹಳ್ಳಿಯೇ ಸಿಗದ ದಾರಿಯಾದರೆ ಮಾತ್ರ ಮೂರು ಲೀಟರ್.

ಪೈಪಿನಿಂದ ಹೀರುವ ಈ ಉಪಾಯ ಹುಟ್ಟಿದ್ದೂ ಸೆಕೆಯಲ್ಲೇ. 1988ರಲ್ಲಿ ಅಮೆರಿಕದ ಟೆಕ್ಸಾಸ್‌ನ ನೂರು ಮೈಲಿ ಸೈಕಲ್ ಸವಾರಿಗೆ ಹೊರಟಿದ್ದ ಮೈಕೆಲ್ ಐಡ್ಸನ್ ಎಂಬ ಆಂಬುಲೆನ್ಸ್ ಸಿಬ್ಬಂದಿ, ಗ್ಲೂಕೋಸ್ ಏರಿಸುವ ಚೀಲಕ್ಕೆ ನೀರು ತುಂಬಿ, ಕಾಲುಚೀಲದೊಳಗೆ ತುರುಕಿ, ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡರು. ಪೈಪನ್ನು ಹೆಗಲ ಮೇಲಿಂದ ತಂದು ಬಟ್ಟೆ ಕ್ಲಿಪ್ ಹಾಕಿದರು. ಮುಂದೆ ಅದೇ ಕ್ಯಾಮೆಲ್‌ಬ್ಯಾಕ್ ಕಂಪನಿಯಾಯಿತು. ಕಲ್ಲುದಾರಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲೇ ಇರುವುದರಿಂದ ಬಾಟ್ಲಿಗೆ ಕೈಹಾಕುವವರು ಕಮ್ಮಿ. ಪೈಪ್ ಬಾಯಿ ಹತ್ತಿರವೇ ಇದ್ದರೆ ಆಗಾಗ ಗುಟುಕು ಒಳಗೆ ಹೋಗುತ್ತದೆ.

ಪೈಪಿನ ತೊಂದರೆ ಏನೆಂದರೆ ಅದರೊಳಗೆ ನಿಂತ ನೀರು ಬಿಸಿಲಿಗೆ ಕಾಯುತ್ತದೆ. ಕುಡಿದ ಮೇಲೆ ಉಫ್ ಅಂತ ಊದಿ ನೀರನ್ನು ಚೀಲಕ್ಕೇ ವಾಪಸ್ ಕಳಿಸಿದರೆ ಮುಂದಿನ ಗುಟುಕು ತಣ್ಣಗಿರುತ್ತದೆ. ಹಿಂದಿನ ರಾತ್ರಿ ಚೀಲದಲ್ಲಿ ಅರ್ಧ ಲೀಟರ್ ನೀರು ಹಾಕಿ ಫ್ರೀಜರ್‌ನಲ್ಲಿ ಮಲಗಿಸಿಡಿ. ಬೆಳಿಗ್ಗೆ ಮೇಲೆ ಒಂದೂವರೆ ಲೀಟರ್ ಸುರಿಯಿರಿ. 30 ಡಿಗ್ರಿಯ ನೀರಾದರೂ ಆ ಮಂಜುಗಡ್ಡೆ ಕರಗುವಷ್ಟರಲ್ಲಿ ಫ್ರಿಜ್ ನೀರಿನಷ್ಟು ತಂಪಾಗುತ್ತದೆ. ಚೀಲ ಪೂರ್ತಿ ತುಂಬಿ ಇಡಬೇಡಿ. ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಚೀಲದ ಅಂಚು ಬಿಡಬಹುದು.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಲೀಟರಿಗೆ ಅರ್ಧದಿಂದ ಒಂದೂವರೆ ಗ್ರಾಂ ಸೋಡಿಯಂ. ಬಾಯಾರಿಕೆ ಇಲ್ಲದಿದ್ದರೂ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ತಲೆಸುತ್ತು, ವಾಂತಿ, ಇನ್ನೂ ಕೆಟ್ಟದ್ದು ಆಗಬಹುದು. ಸವಾರಿಯ ನಂತರ ತೂಕ ಏರಿದ್ದರೆ ಜಾಸ್ತಿ ಕುಡಿದಿದ್ದೀರಿ ಅಂತಲೇ ಅರ್ಥ. ಬೆನ್ನಲ್ಲಿ ಸಾದಾ ನೀರು, ಫ್ರೇಮಿನ ಬಾಟ್ಲಿಯಲ್ಲಿ ಓಆರ್‌ಎಸ್ ಇಟ್ಟುಕೊಳ್ಳಿ. ನಡುವೆ ನಿಂತು ಒಂದು ಪ್ಲೇಟ್ ಒಗ್ಗರಣೆ ಮಂಡಕ್ಕಿ ತಿಂದರೂ ಉಪ್ಪು ಸಿಗುತ್ತದೆ. ಮಿರ್ಚಿಯ ಎಣ್ಣೆ ಹೊಟ್ಟೆಯಲ್ಲಿಟ್ಟುಕೊಂಡು ಏರು ಹತ್ತುವುದು ಮಾತ್ರ ನಿಮ್ಮ ಧೈರ್ಯ.

ಕೊಳ್ಳುವ ಮುಂಚೆ ಮೂರು ಕಿಲೋ ಉಪ್ಪಿನ ಪ್ಯಾಕೆಟ್ ಒಳಗಿಟ್ಟು, ಸೈಕಲ್ ಮೇಲೆ ಕೂತಂತೆ ಬಗ್ಗಿ ನೋಡಿ. ಎದೆ, ಸೊಂಟದ ಪಟ್ಟಿ ಬಿಗಿದ ಮೇಲೂ ಚೀಲ ಹೆಲ್ಮೆಟ್ಟಿಗೆ ಜಾರಿ ಬಂದರೆ ಆ ಅಳತೆ ನಿಮ್ಮದಲ್ಲ. ಟ್ಯೂಬು, ಪಂಪು ಹಿಡಿಯುವಷ್ಟು ಜಾಗ ಬೇಕೇ ಬೇಕು, ಬಳ್ಳಾರಿ ಜಾಲಿಯ ಮುಳ್ಳು ಯಾರನ್ನೂ ಬಿಡುವುದಿಲ್ಲ. ಸಂಡೂರಿನ ಅದಿರಿನ ಕೆಂಧೂಳಿಗೆ ಪೈಪಿನ ತುದಿಯ, ಕಚ್ಚಿ ಕುಡಿಯುವ ಬಾಯಿಗೊಂದು ಮುಚ್ಚಳವಿರಲಿ. ವಾಪಸ್ ಬಂದ ಮೇಲೆ ಅಡುಗೆ ಸೋಡಾ ಹಾಕಿ ತೊಳೆದು, ಬಾಯಿ ತೆರೆದು ನೇತುಹಾಕಿ ಒಣಗಿಸಿ. ಗಡಸು ನೀರಿನ ಬಿಳಿ ಕಲೆ ಕೂತಿದ್ದರೆ ನಿಂಬೆರಸ ಸಾಕು. ಮಜ್ಜಿಗೆಯನ್ನು ಮಾತ್ರ ಇದರೊಳಗೆ ಹಾಕಲೇಬೇಡಿ, ಆ ಪೈಪಿನ ವಾಸನೆಗೆ ನಿಂಬೆಯೂ ಸೋಲುತ್ತದೆ.