ಸೊನ್ನೆ ರೇಖಾಂಶ: ಉಜ್ಜಯಿನಿಯಿಂದ ಗ್ರೀನಿಚ್‌ವರೆಗೆ

ಅಕ್ಷಾಂಶದ ಸೊನ್ನೆಗಾಗಿ ದೇಶಗಳು ಜಗಳವಾಡಿದ್ದಿಲ್ಲ. ಭೂಮಿ ತಿರುಗುವುದರಿಂದ ಎರಡು ಧ್ರುವಗಳಿಗೂ ಸಮದೂರದಲ್ಲಿ ಸಮಭಾಜಕ ವೃತ್ತ ತಾನಾಗಿಯೇ ಸಿಗುತ್ತದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಮ್ಮ ಅಕ್ಷಾಂಶ, ಬೆಂಗಳೂರಿನಲ್ಲಿ 13. ಧ್ರುವದಿಂದ ಧ್ರುವಕ್ಕೆ ಹೋಗುವ ಗೆರೆಗಳಲ್ಲಿ ಮಾತ್ರ ಮೇಲು ಕೀಳಿಲ್ಲ. ಯಾವುದು ಮೊದಲನೆಯದು ಎಂದು ಜನರೇ ಒಪ್ಪಿಕೊಳ್ಳಬೇಕು.

ನಮ್ಮ ಖಗೋಳಜ್ಞರು ಒಪ್ಪಿಕೊಂಡದ್ದು ಉಜ್ಜಯಿನಿಯ ಗೆರೆಯನ್ನು. ಸಮಭಾಜಕದ ಮೇಲೆ ಕಲ್ಪಿಸಿಕೊಂಡ 'ಲಂಕೆ'ಯಿಂದ ಹೊರಟು ಉಜ್ಜಯಿನಿ, ಕುರುಕ್ಷೇತ್ರಗಳ ಮೂಲಕ ಉತ್ತರ ಧ್ರುವದ ಮೇರುವಿಗೆ ಹೋಗುವ ಮಧ್ಯರೇಖೆ ಅದು. ನಮ್ಮ ಚಿಕ್ಕಮಗಳೂರು ಸರಿಸುಮಾರು ಅದೇ ಗೆರೆಯ ಮೇಲಿದೆ! ಆ ಮಧ್ಯರೇಖೆಯಿಂದ ಒಂದು ಊರು ಎಷ್ಟು ದೂರ ಎಂಬ 'ದೇಶಾಂತರ'ವನ್ನು ತಿಳಿಯಲು ಸೂರ್ಯಸಿದ್ಧಾಂತ ಎಂಬ ಪ್ರಾಚೀನ ಖಗೋಳ ಗ್ರಂಥ ಚಂದ್ರಗ್ರಹಣವನ್ನು ಬಳಸುತ್ತದೆ. ಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ, ಆದರೆ ಊರೂರಿನ ಹೊತ್ತು ಬೇರೆ. ಮಧ್ಯರೇಖೆಗೆ ಲೆಕ್ಕ ಹಾಕಿದ ಹೊತ್ತಿಗಿಂತ ತಡವಾಗಿ ಕಂಡರೆ ಊರು ಪೂರ್ವಕ್ಕಿದೆ, ಬೇಗ ಕಂಡರೆ ಪಶ್ಚಿಮಕ್ಕೆ. ಒಂದು ಗಳಿಗೆಗೆ, ಅಂದರೆ 24 ನಿಮಿಷಕ್ಕೆ, 6 ಡಿಗ್ರಿ. ಎಷ್ಟು ಚೆಂದದ ಉಪಾಯ! ಕಷ್ಟವಿದ್ದದ್ದು ಹೊತ್ತನ್ನು ಅಳೆಯುವುದರಲ್ಲಿ: 4 ನಿಮಿಷ ತಪ್ಪಿದರೂ ಉಜ್ಜಯಿನಿಯ ಅಕ್ಷಾಂಶದಲ್ಲಿ ನೂರು ಕಿಲೋಮೀಟರ್ ವ್ಯತ್ಯಾಸ. ಕುರುಕ್ಷೇತ್ರ ನಿಜಕ್ಕೂ ಆ ಗೆರೆಯಿಂದ ಸುಮಾರು ಒಂದು ಡಿಗ್ರಿ ಪೂರ್ವಕ್ಕಿದೆ.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಪ್ರಾಚೀನ ಖಗೋಳಜ್ಞ ಟಾಲೆಮಿ ತನಗೆ ತಿಳಿದಿದ್ದ ಪಶ್ಚಿಮದ ಕೊನೆಯ ದ್ವೀಪಗಳಿಂದ ಎಣಿಸಿದ. ಫ್ರಾನ್ಸ್ ಮುಂದೆ ಪ್ಯಾರಿಸ್ ವೀಕ್ಷಣಾಲಯವನ್ನು ಹಿಡಿಯಿತು. ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯ ಗೆದ್ದದ್ದು ಹಡಗುಗಳಿಂದ. 1767ರಿಂದ ಅಲ್ಲಿನ ವೀಕ್ಷಣೆಗಳನ್ನು ಆಧರಿಸಿ ಪ್ರಕಟವಾದ ನಾವಿಕರ ಪಂಚಾಂಗ ಸಮುದ್ರದಲ್ಲಿ ರೇಖಾಂಶ ಕಂಡುಕೊಳ್ಳಲು ನೆರವಾಯಿತು. ನಕಾಶೆಗಳೂ ಅದನ್ನೇ ಅನುಸರಿಸಿದವು. 1884ರ ಅಕ್ಟೋಬರಿನಲ್ಲಿ ಎಲ್ಲರಿಗೂ ಒಂದೇ ಸೊನ್ನೆ ರೇಖಾಂಶ ಆರಿಸಲು ವಾಷಿಂಗ್ಟನ್‌ನಲ್ಲಿ 25 ದೇಶಗಳು ಸೇರಿದಾಗ 22 ಗ್ರೀನಿಚ್ ಪರ ಮತ ಹಾಕಿದವು. ಫ್ರಾನ್ಸ್, ಬ್ರೆಜಿಲ್ ತಟಸ್ಥವಾಗಿ ಉಳಿದವು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ತನ್ನದೇ ಮಧ್ಯರೇಖೆ ಬಳಸಿದ್ದ ಭಾರತದ ಒಬ್ಬ ಖಗೋಳಜ್ಞನೂ ಅಲ್ಲಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಫ್ರಾನ್ಸ್ ತನ್ನ ಗಡಿಯಾರವನ್ನು ಗ್ರೀನಿಚ್‌ಗೆ ಹೊಂದಿಸಿಕೊಂಡದ್ದು 1911ರಲ್ಲಿ. ಆಗಲೂ ಕಾನೂನಿನಲ್ಲಿ ಬರೆದದ್ದು '9 ನಿಮಿಷ 21 ಸೆಕೆಂಡ್ ಹಿಂದಿರುವ ಪ್ಯಾರಿಸ್ ಸಮಯ' ಎಂದು.

1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನದ 82.5 ಡಿಗ್ರಿ ಗೆರೆಯೂ ಗ್ರೀನಿಚ್‌ನಿಂದ ಎಣಿಸಿದ್ದೇ. ಸ್ವಾತಂತ್ರ್ಯದ ನಂತರ ರಾಷ್ಟ್ರೀಯ ಪಂಚಾಂಗ ರೂಪಿಸಲು ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಸಮಿತಿ ಲೆಕ್ಕದ ಕೇಂದ್ರಬಿಂದುವೊಂದನ್ನು ಆರಿಸಬೇಕಾಯಿತು. ರೇಖಾಂಶವಾಗಿ ಅದೇ 82.5 ಡಿಗ್ರಿಯನ್ನು ಇಟ್ಟುಕೊಂಡರು. ಅಕ್ಷಾಂಶ 23 ಡಿಗ್ರಿ 11 ಮಿನಿಟು, ಉಜ್ಜಯಿನಿಯದು.